ಏಳು ಮನೆಯ ಅನ್ನ

ಸೋಮವಾರ ಶ್ಯಾನುಭೋಗರ ಮನೆ. ಮಂಗಳವಾರ ಪೋಸ್ಟ್‌ಮಾಸ್ತರರದು. ಬುಧವಾರ ಮೂಲೆಮನೆ ಅಜ್ಜಿ, ಗುರುವಾರ ವಕೀಲರು. ಶುಕ್ರವಾರಕ್ಕೆ ಇನ್ನೂ ಯಾರೂ ಒಪ್ಪಿಲ್ಲ. ಹಳೆಯ ಮೈಸೂರು ಸೀಮೆಯಲ್ಲಿ ಓದಿದ ಎಷ್ಟೋ ಬಡ ಬ್ರಾಹ್ಮಣ ಹುಡುಗರು ಶಾಲೆಯ ವೇಳಾಪಟ್ಟಿಗಿಂತ ಮೊದಲು ಇಂಥದೊಂದು ಪಟ್ಟಿಯನ್ನು ಬಾಯಿಪಾಠ ಮಾಡುತ್ತಿದ್ದರು. ದಿನಕ್ಕೊಂದು ಮನೆಯಲ್ಲಿ ಉಂಡು ಓದುವ ಈ ಏರ್ಪಾಟಿನ ಹೆಸರು ವಾರಾನ್ನ.

ಊರಲ್ಲಿ ಕೂಲಿಮಠ ಮುಗಿದರೆ ಮಿಡ್ಲ್ ಸ್ಕೂಲಿಗೆ ಹೋಬಳಿಯ ಊರು, ಹೈಸ್ಕೂಲಿಗೆ ದೊಡ್ಡ ಪೇಟೆ. ಕಾಲೇಜೆಂದರೆ ಬಹುಪಾಲು ಬೆಂಗಳೂರು, ಮೈಸೂರು. ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿದ್ದೇ 1916ರಲ್ಲಿ. ಒಂದೊಂದು ತರಗತಿ ಮೇಲೇರಿದಂತೆ ಹುಡುಗ ಅಮ್ಮನ ಒಲೆಯಿಂದ ಅಷ್ಟಷ್ಟು ದೂರ ಆಗುತ್ತಿದ್ದ. ಫೀಸಿಗೆ ಹೇಗೋ ಸಾಲ ಹುಟ್ಟುತ್ತಿತ್ತು. ಎರಡು ಹೊತ್ತಿನ ಊಟಕ್ಕೆ ಏನು ಮಾಡುವುದು? ಅದಕ್ಕಾಗಿ ಅಪ್ಪನೋ ಸೋದರಮಾವನೋ ಪೇಟೆಯ ಅಗ್ರಹಾರದಲ್ಲಿ ಬಾಗಿಲು ಬಾಗಿಲಿಗೆ ನಿಂತು ವಾರ ಗೊತ್ತುಮಾಡುತ್ತಿದ್ದರು.

ವಾರದ ಹುಡುಗ ಜಗಲಿಯ ಮೇಲೆ ಕಾಯಬೇಕು. ಮನೆಯ ಗಂಡಸರ ಪಂಕ್ತಿ ಎದ್ದ ಮೇಲೆ ಕರೆ ಬರುತ್ತದೆ. ‘ಇನ್ನೊಂದು ಸ್ವಲ್ಪ ಹಾಕಲೇನೋ?’ ಎಂದು ಕೇಳುವ ಮನೆ ಯಾವುದು, ಕೇಳದ ಮನೆ ಯಾವುದು ಎಂಬುದು ಎರಡನೇ ವಾರಕ್ಕೇ ತಿಳಿದುಹೋಗುತ್ತದೆ. ಊಟದ ಋಣಕ್ಕೆ ಬಾವಿಯಿಂದ ನಾಲ್ಕು ಕೊಡ ನೀರು ಸೇದಬೇಕು, ಮನೆಯ ಕಿರಿಮಗನಿಗೆ ಮಗ್ಗಿ ಹೇಳಿಕೊಡಬೇಕು. ಏಕಾದಶಿಯ ದಿನ ಇಡೀ ಬೀದಿಯ ಒಲೆ ತಣ್ಣಗೆ. ಸೂತಕ ಬಂದರೆ ಹತ್ತು ದಿನ ಆ ಮನೆ ಇಲ್ಲ. ಬೀಜಗಣಿತಕ್ಕಿಂತ ಮೊದಲು ಅವನು ಪಂಚಾಂಗ ಕಲಿಯುತ್ತಿದ್ದ.

ಈ ಬದುಕನ್ನು ಸಕ್ಕರೆ ಹಚ್ಚದೆ ಬರೆದವರು ಕಾದಂಬರಿಕಾರ ಎಸ್.ಎಲ್. ಭೈರಪ್ಪ. ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದ ಆ ಹುಡುಗ ಚಿಕ್ಕಂದಿನಲ್ಲೇ ಮನೆಯವರನ್ನು ಪ್ಲೇಗಿಗೆ ಕಳೆದುಕೊಂಡ. ಊದುಬತ್ತಿ ಮಾರಿದ. ಹೈಸ್ಕೂಲನ್ನು ಅರ್ಧಕ್ಕೆ ಬಿಟ್ಟು ಬೊಂಬಾಯಿಗೆ ಹೋಗಿ ರೈಲ್ವೆ ನಿಲ್ದಾಣದಲ್ಲಿ ಹಮಾಲಿ ಮಾಡಿದ, ಸಾಧುಗಳ ಜೊತೆ ತಿರುಗಿದ. ಮತ್ತೆ ಮೈಸೂರಿಗೆ ಬಂದು ಶಾರದಾವಿಲಾಸ ಹೈಸ್ಕೂಲು, ಅಲ್ಲಿಂದ ತತ್ತ್ವಶಾಸ್ತ್ರದ ಎಂ.ಎ.ಯಲ್ಲಿ ಚಿನ್ನದ ಪದಕ, ಆಮೇಲೆ ಬರೋಡಾದಿಂದ ಡಾಕ್ಟರೇಟ್. ಆತ್ಮಕಥೆ ‘ಭಿತ್ತಿ’ಯಲ್ಲಿ ಹಸಿವು ಪಾಠದಷ್ಟೇ ಜಾಗ ಹಿಡಿದಿದೆ.

ಆದರೆ ‘ಆ ಕಾಲದ ಜನರ ದೊಡ್ಡ ಮನಸ್ಸು’ ಎಂದು ಹಾಡಿಹೊಗಳುವವರು ಒಂದು ಮಾತನ್ನು ನುಂಗಿಬಿಡುತ್ತಾರೆ. ಆ ಜಗಲಿ ಹತ್ತುವುದಕ್ಕೆ ಜಾತಿ ಬೇಕಿತ್ತು. ಒಕ್ಕಲಿಗರ ಹುಡುಗನಿಗೆ, ಲಿಂಗಾಯತರ ಹುಡುಗನಿಗೆ ಅಗ್ರಹಾರದಲ್ಲಿ ವಾರ ಸಿಗುತ್ತಿರಲಿಲ್ಲ. ಹೊಲೆಮಾದಿಗರ ಹುಡುಗ ಆ ಬೀದಿಗೇ ಬರುವಂತಿರಲಿಲ್ಲ. ಹೆಣ್ಣುಮಕ್ಕಳಿಗಂತೂ ವಾರದ ಮನೆ ಎಂಬುದೇ ಇರಲಿಲ್ಲ, ಅವರನ್ನು ಪೇಟೆಗೆ ಕಳಿಸಿ ಓದಿಸುವವರಿದ್ದರೆ ತಾನೆ!

ಮುಚ್ಚಿದ ಬಾಗಿಲುಗಳ ಎದುರಿಗೆ ಹಾಸ್ಟೆಲುಗಳು ಎದ್ದವು. 1903ರಲ್ಲಿ ಗುಬ್ಬಿ ತೋಟದಪ್ಪನವರ ಧರ್ಮಛತ್ರ ಬೆಂಗಳೂರಿನಲ್ಲಿ ತೆರೆಯಿತು; ಅದರ ಜೊತೆಗೆ ವಿದ್ಯಾರ್ಥಿನಿಲಯವೂ ಬಂತು. 1906ರಲ್ಲಿ ಒಕ್ಕಲಿಗರ ಸಂಘ ಹುಟ್ಟಿತು, 1916ರಲ್ಲಿ ಬೆಳಗಾವಿಯಲ್ಲಿ ಕೆ.ಎಲ್.ಇ. ಶಿಕ್ಷಣ ಸಂಸ್ಥೆ. ಮೈಸೂರಿನಲ್ಲಿ ‘ತಾತಯ್ಯ’ ಎಂ. ವೆಂಕಟಕೃಷ್ಣಯ್ಯನವರ ಅನಾಥಾಲಯ ದಿಕ್ಕಿಲ್ಲದ ಹುಡುಗರಿಗೆ ನೆರಳಾಯಿತು. ಧಾರವಾಡದ ಮುರುಘಾಮಠದಲ್ಲಿ ಉಂಡು ಓದಿದವರಲ್ಲಿ ಕವಿ ಚೆನ್ನವೀರ ಕಣವಿಯೂ ಒಬ್ಬರು.

ಇವೆಲ್ಲದರ ನಡುವೆ 1930ರ ಒಂದು ಘಟನೆ ಬಿಟ್ಟೂಬಿಡದೆ ಕಾಡುತ್ತದೆ.

ವೀರಾಪುರದ ಶಿವಣ್ಣ ತುಮಕೂರಿನಲ್ಲಿ ಓದುತ್ತಿದ್ದಾಗ ಸಿದ್ಧಗಂಗಾ ಮಠದ ಆಶ್ರಯ ಪಡೆದವನು. ಮೆಟ್ರಿಕ್ ಪಾಸಾಗಿ ಬೆಂಗಳೂರಿನ ಸೆಂಟ್ರಲ್ ಕಾಲೇಜು ಸೇರಿದ. ಭೌತಶಾಸ್ತ್ರ, ಗಣಿತ ಅವನ ವಿಷಯಗಳು. ಡಿಗ್ರಿ ಇನ್ನೇನು ಕೈಗೆ ಬರುವುದರಲ್ಲಿತ್ತು. 1930ರ ಜನವರಿಯಲ್ಲಿ ಮಠದ ಉತ್ತರಾಧಿಕಾರಿಯಾಗಿದ್ದ ಗೆಳೆಯ ಮರುಳಾರಾಧ್ಯರು ತೀರಿಕೊಂಡರು. ಅಂತ್ಯಕ್ರಿಯೆಗೆಂದು ಬಂದ ಹುಡುಗನನ್ನೇ ಮಠಾಧ್ಯಕ್ಷ ಉದ್ದಾನ ಶಿವಯೋಗಿಗಳು ಆ ಜಾಗಕ್ಕೆ ಆರಿಸಿಬಿಟ್ಟರು. ಮಾರ್ಚ್ 3ರಂದು ಕಾವಿ ತೊಟ್ಟು ಶಿವಣ್ಣ ಶಿವಕುಮಾರ ಸ್ವಾಮಿಯಾದ. ಪದವಿ ಕೈಸೇರಲೇ ಇಲ್ಲ.

ತಾನು ಡಿಗ್ರಿ ಮುಗಿಸದ ಈ ವಿದ್ಯಾರ್ಥಿ ಮುಂದೆ ಭಿಕ್ಷೆಗೆ ಹೊರಟು ಊರೂರಿನಿಂದ ದವಸ ತಂದು ಎಲ್ಲ ಜಾತಿ, ಧರ್ಮದ ಮಕ್ಕಳಿಗೆ ಒಲೆ ಹಚ್ಚಿದರು. 2019ರ ಜನವರಿ 21ರಂದು ಅವರು ಲಿಂಗೈಕ್ಯರಾಗುವ ಹೊತ್ತಿಗೆ ಮಠದಲ್ಲಿ ಉಂಡು ಓದುತ್ತಿದ್ದ ಮಕ್ಕಳು ಹತ್ತು ಸಾವಿರದ ಆಸುಪಾಸು. ಕರ್ನಾಟಕ ವಿಶ್ವವಿದ್ಯಾಲಯ 1965ರಲ್ಲೇ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತ್ತು.

ಸರ್ಕಾರಿ ಹಾಸ್ಟೆಲುಗಳ ಕಥೆಗೆ ಬೇರೆಯದೇ ದನಿ. ದಲಿತ ಕವಿ ಸಿದ್ಧಲಿಂಗಯ್ಯನವರ ಆತ್ಮಕಥೆ ‘ಊರುಕೇರಿ’ಯಲ್ಲಿ ಬೆಂಗಳೂರಿನ ಹಾಸ್ಟೆಲ್ ದಿನಗಳು ನಗೆಯ ಜೊತೆಗೇ ಬರುತ್ತವೆ, ನಕ್ಕು ಮುಗಿದ ಮೇಲೆ ಗಂಟಲಲ್ಲಿ ಏನೋ ಸಿಕ್ಕಿಕೊಳ್ಳುತ್ತದೆ. ಸರ್ಕಾರದ ನೆರವಿನಿಂದ ಓದಿದ ದಲಿತ ಹುಡುಗರನ್ನು ಚುಚ್ಚುವ ಮಾತನ್ನೇ ಅರವಿಂದ ಮಾಲಗತ್ತಿ ತಮ್ಮ ಆತ್ಮಕಥೆಗೆ ಹೆಸರಾಗಿಸಿದರು: ‘ಗೌರ್ಮೆಂಟ್ ಬ್ರಾಹ್ಮಣ’. ಅನ್ನದ ಜೊತೆ ಅವಮಾನ ಬಡಿಸುವ ಚಾಳಿ ಅಗ್ರಹಾರದ ಜಗಲಿಯಲ್ಲೇ ಮುಗಿದಿರಲಿಲ್ಲ.

ವಾರಾನ್ನ ಹೋಗಿದ್ದು ಒಳ್ಳೆಯದೇ ಆಯಿತು. ಆದರೂ ಮೂಲೆಮನೆ ಅಜ್ಜಿಯಂಥವರ ಹೆಸರು ಯಾವ ಕಾಲೇಜಿನ ಶತಮಾನೋತ್ಸವದ ಸ್ಮರಣ ಸಂಚಿಕೆಯಲ್ಲೂ ಇರುವುದಿಲ್ಲ ಎನ್ನುವುದು ಬೇಸರದ ಸಂಗತಿ. ಕಟ್ಟಡಕ್ಕೆ ದುಡ್ಡು ಕೊಟ್ಟವರಿಗೆ ಕಲ್ಲು ನೆಟ್ಟಿದೆ; ಬುಧವಾರ ಬುಧವಾರ ಹುಳಿಯನ್ನ ಬಡಿಸಿದವಳಿಗೆ ಏನಿದೆ?

ಹಳೆಯ ಅಗ್ರಹಾರಗಳ ಜಗಲಿಗಳಿಗೆ ಈಗ ಗ್ರಿಲ್ ಬಿದ್ದಿದೆ, ಒಳಗೆ ಸ್ಕೂಟರ್ ನಿಂತಿದೆ. ಎಷ್ಟೋ ಮನೆಗಳ ಮೇಲೆ ಪಿ.ಜಿ. ಬೋರ್ಡು ತೂಗುತ್ತಿದೆ. ಊಟದ ಕೋಣೆಯ ಗೋಡೆಗೆ ಏಳು ದಿನದ ಪಟ್ಟಿ ಅಂಟಿಸಿರುತ್ತಾರೆ: ಸೋಮವಾರ ಚಿತ್ರಾನ್ನ, ಮಂಗಳವಾರ ಇಡ್ಲಿ, ಬುಧವಾರ ಉಪ್ಪಿಟ್ಟು. ಉಪ್ಪಿಟ್ಟಿನ ದಿನ ಹುಡುಗರು ಮೊಬೈಲಿನಲ್ಲಿ ಬೇರೆ ತಿಂಡಿ ತರಿಸಿಕೊಂಡು, ಒಂದು ಕಾಲಕ್ಕೆ ಜಗಲಿಯಿದ್ದ ಜಾಗದಲ್ಲಿ ನಿಂತು ಡೆಲಿವರಿ ಹುಡುಗನ ದಾರಿ ಕಾಯುತ್ತಾರೆ.