ಮೂರು ಆಟ, ಮೂರು ಮಾತು: ದೊಡ್ಡನೆಕ್ಕುಂದಿಯ ಕ್ರೀಡಾಭಿಮಾನಿ ಹೇಳುವುದರಲ್ಲಿ ನಿಜವೆಷ್ಟು?

ಬೆಂಗಳೂರು: ಒಂದು ಕಾಲಕ್ಕೆ ಕೃಷ್ಣರಾಜಪುರ ಸೀಮೆಯ ಹಳ್ಳಿಯಾಗಿದ್ದ ದೊಡ್ಡನೆಕ್ಕುಂದಿ ಇಂದು ಹೊರ ವರ್ತುಲ ರಸ್ತೆಯ ಅಂಚಿನ ಬಡಾವಣೆ. ಕೆರೆಯೂ ಇದೆ, ಕೈಗಾರಿಕಾ ಪ್ರದೇಶವೂ ಇದೆ, ದೇಶದ ನಾನಾ ಮೂಲೆಗಳಿಂದ ಕೆಲಸ ಅರಸಿ ಬಂದವರ ವಸತಿ ಸಮುಚ್ಚಯಗಳೂ ಇವೆ. ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಪಂದ್ಯಗಳು ಭಾರತೀಯ ಕಾಲಮಾನದಲ್ಲಿ ಶನಿವಾರ ಸಂಜೆಯಿಂದ ತಡರಾತ್ರಿಯವರೆಗೆ ನಡೆಯುವುದರಿಂದ, ಕಚೇರಿಯಿಂದ ಬಂದು ಉಂಡು ಕುಳಿತವರಿಗೆ ಅವು ಹೇಳಿ ಮಾಡಿಸಿದಂತಿವೆ. ಇಂಥ ಬಡಾವಣೆಗಳಲ್ಲಿ ಒಂದು ಹೊಸ ಬಗೆಯ ಕ್ರೀಡಾಭಿಮಾನಿ ಬೆಳೆದಿದ್ದಾನೆ. ಅವನದು ಒಂದೇ ಆಟವಲ್ಲ. ಫುಟ್‌ಬಾಲ್ ನೋಡುತ್ತಾನೆ, ಅದರ ಮೇಲೆ ಫ್ಯಾಂಟಸಿ ತಂಡ ಕಟ್ಟುತ್ತಾನೆ, ಬಾಲ್ಯದಿಂದ ಅಂಟಿಬಂದ ಡಬ್ಲ್ಯುಡಬ್ಲ್ಯುಇ ಕುಸ್ತಿಯನ್ನೂ ಬಿಟ್ಟಿಲ್ಲ.

ಈ ಅಭಿಮಾನಿಯ ಬಾಯಲ್ಲಿ ಮೂರು ಅಭಿಪ್ರಾಯಗಳು ಪದೇ ಪದೇ ಕೇಳಿಬರುತ್ತವೆ. ಒಂದು, ನಮ್ಮ ದೇಶದ ಫುಟ್‌ಬಾಲ್ ನೋಡುವಂಥದ್ದಲ್ಲ. ಎರಡು, ಫ್ಯಾಂಟಸಿ ಫುಟ್‌ಬಾಲ್ ಜಾಣ್ಮೆಯ ಆಟ, ಜೂಜಲ್ಲ. ಮೂರು, ವೃತ್ತಿಪರ ಕುಸ್ತಿ ಎಲ್ಲವೂ ಸುಳ್ಳು, ಆದರೂ ಮಜವಾಗಿದೆ.

ಈ ಮೂರೂ ಮಾತುಗಳನ್ನು ಒರೆಗೆ ಹಚ್ಚಿದ್ದು 2025ರ ಆಗಸ್ಟ್ ತಿಂಗಳು. ಆ ತಿಂಗಳ 4ರಂದು ಬೆಂಗಳೂರು ಎಫ್‌ಸಿ ತನ್ನ ಪ್ರಧಾನ ತಂಡದ ಆಟಗಾರರು ಹಾಗೂ ಸಿಬ್ಬಂದಿಯ ವೇತನವನ್ನು ಅನಿರ್ದಿಷ್ಟಾವಧಿಗೆ ತಡೆಹಿಡಿದಿರುವುದಾಗಿ ಪ್ರಕಟಿಸಿತು. 22ರಂದು, ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಮಸೂದೆಗೆ ರಾಷ್ಟ್ರಪತಿಗಳ ಅಂಕಿತ ಬಿತ್ತು. ಕುಸ್ತಿ ಮಾತ್ರ ವಾರ ತಪ್ಪದೆ ನಡೆಯಿತು. ನಿಜವೆಂದು ನಂಬಿದ ಎರಡು ನಿಂತವು, ಸುಳ್ಳೆಂದು ಜರಿದ ಒಂದು ನಿಲ್ಲಲಿಲ್ಲ. ಹೀಗೇಕಾಯಿತು ಎಂಬುದನ್ನು ತಿಳಿಯಲು ಮೂರನ್ನೂ ಬಿಡಿಬಿಡಿಯಾಗಿ ನೋಡುವುದು ಒಳಿತು.

ನಮ್ಮಲ್ಲಿ ಫುಟ್‌ಬಾಲ್ ಇಲ್ಲವೇ?

ಮೊದಲ ಮಾತು ಹೇಳುವವರು ತಮ್ಮ ಮನೆಯಿಂದ ಪಶ್ಚಿಮಕ್ಕೆ ಹತ್ತಾರು ಕಿಲೋಮೀಟರ್‌ಗಳೊಳಗೆ ಏನಿದೆ ಎಂಬುದನ್ನು ಗಮನಿಸಿದಂತಿಲ್ಲ. ಹಲಸೂರಿನ ಗೌತಮಪುರದಲ್ಲಿ ಬ್ರೆಜಿಲ್‌ನ ಪೆಲೆಯ ಪ್ರತಿಮೆಯಿದೆ. ಅಂಬೇಡ್ಕರ್, ಬುದ್ಧ, ಮದರ್ ತೆರೇಸಾ ಅವರ ಪ್ರತಿಮೆಗಳ ಸಾಲಿನಲ್ಲಿ ಒಬ್ಬ ಫುಟ್‌ಬಾಲ್ ಆಟಗಾರನನ್ನೂ ನಿಲ್ಲಿಸಿದ ಬಡಾವಣೆ ಅದು. ದಂಡು ಪ್ರದೇಶದಲ್ಲಿ ಬ್ರಿಟಿಷ್ ಸೈನಿಕರು ಆಡುತ್ತಿದ್ದ ಆಟವನ್ನು ನೋಡಿ ಕಲಿತ ಸುತ್ತಮುತ್ತಲ ಹುಡುಗರು ಕೆಲವೇ ದಶಕಗಳಲ್ಲಿ ಅದೇ ಸೈನಿಕರನ್ನು ಸೋಲಿಸತೊಡಗಿದರು. ಸೇನಾ ತಂಡಗಳೇ ಮೆರೆಯುತ್ತಿದ್ದ ಮುಂಬಯಿಯ ರೋವರ್ಸ್ ಕಪ್ಪನ್ನು 1937ರಲ್ಲಿ ಗೆದ್ದ ಬೆಂಗಳೂರು ಮುಸ್ಲಿಮ್ಸ್, ಆ ಗೌರವಕ್ಕೆ ಪಾತ್ರವಾದ ಮೊದಲ ಭಾರತೀಯ ತಂಡ. ಮರುವರ್ಷವೂ ಕಪ್ ಅವರದೇ ಆಯಿತು.

ಸ್ವತಂತ್ರ ಭಾರತ 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ 1-2ರಿಂದ ಸೋತಿತು. ಬಹುತೇಕ ಆಟಗಾರರು ಬರಿಗಾಲಲ್ಲಿ ಆಡಿದ ಆ ಪಂದ್ಯದಲ್ಲಿ ಭಾರತದ ಏಕೈಕ ಗೋಲು, ಅಂದರೆ ಒಲಿಂಪಿಕ್ಸ್‌ನಲ್ಲಿ ದೇಶದ ಮೊಟ್ಟಮೊದಲ ಗೋಲು, ಬೆಂಗಳೂರಿನ ಸಾರಂಗಪಾಣಿ ರಾಮನ್ ಅವರದು. ಅದೇ ತಂಡದಲ್ಲಿದ್ದ ಬೆಂಗಳೂರಿನ ಅಹಮದ್ ಖಾನ್ ಮುಂದೆ ಕೋಲ್ಕತ್ತದ ಈಸ್ಟ್ ಬೆಂಗಾಲ್ ಕ್ಲಬ್ಬಿನ 'ಪಂಚ ಪಾಂಡವ'ರಲ್ಲಿ ಒಬ್ಬರೆನಿಸಿದರು. 1962ರ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ತಂಡದಲ್ಲಿ ಇದೇ ಊರಿನ ಅರುಮೈನಾಯಗಂ ಇದ್ದರು.

ಮೈಸೂರು ರಾಜ್ಯ 1946-47, 1952-53, 1967-68 ಹಾಗೂ 1968-69ರಲ್ಲಿ ಸಂತೋಷ್ ಟ್ರೋಫಿ ಎತ್ತಿಹಿಡಿಯಿತು. ಬಳಿಕ ಬಂದ ಬರಗಾಲ ಸಣ್ಣದಲ್ಲ. ಕರ್ನಾಟಕವೆಂಬ ಹೆಸರಿನಲ್ಲಿ ಈ ಟ್ರೋಫಿ ದಕ್ಕಿದ್ದು 2023ರ ಮಾರ್ಚ್ 4ರಂದು. ಸೌದಿ ಅರೇಬಿಯಾದ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಮಣಿಸಿದಾಗ 54 ವರ್ಷಗಳು ಕಳೆದಿದ್ದವು.

ನಡುವಿನ ದಶಕಗಳಲ್ಲಿ ಆಟವನ್ನು ಉಳಿಸಿದ್ದು ಸಾರ್ವಜನಿಕ ರಂಗದ ಉದ್ಯಮಗಳು. ದೊಡ್ಡನೆಕ್ಕುಂದಿಯ ನೆರೆಯ ಎಚ್‌ಎಎಲ್, ದೂರವಾಣಿನಗರದ ಐಟಿಐ ಮುಂತಾದವು ಆಟಗಾರರಿಗೆ ನೌಕರಿ ಕೊಟ್ಟವು. ಬೆಳಗ್ಗೆ ಅಭ್ಯಾಸ, ಬಳಿಕ ಕಾರ್ಖಾನೆ, ತಿಂಗಳ ಕೊನೆಗೆ ಖಚಿತ ಸಂಬಳ. ಎಚ್‌ಎಎಲ್ ತಂಡ ರಾಷ್ಟ್ರ ಮಟ್ಟದ ಐ-ಲೀಗ್‌ನಲ್ಲೂ ಆಡಿ, 2011-12ರ ಋತುವಿನ ಕೊನೆಗೆ ಹಿಂಬಡ್ತಿ ಪಡೆಯಿತು. ಮರುವರ್ಷ, ಅಂದರೆ 2013ರಲ್ಲಿ, ಜೆಎಸ್‌ಡಬ್ಲ್ಯು ಸಮೂಹ ಬೆಂಗಳೂರು ಎಫ್‌ಸಿಯನ್ನು ಹುಟ್ಟುಹಾಕಿತು. ಮೊದಲ ಋತುವಿನಲ್ಲೇ ಐ-ಲೀಗ್ ಪ್ರಶಸ್ತಿ, 2016ರಲ್ಲಿ ಎಎಫ್‌ಸಿ ಕಪ್ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ ಎಂಬ ಹಿರಿಮೆ, 2018-19ರಲ್ಲಿ ಇಂಡಿಯನ್ ಸೂಪರ್ ಲೀಗ್ ಕಿರೀಟ. ಕಂಠೀರವ ಕ್ರೀಡಾಂಗಣದ ಪಶ್ಚಿಮ ಗ್ಯಾಲರಿಯಲ್ಲಿ ಹಾಡಿ ಕುಣಿಯುವ 'ವೆಸ್ಟ್ ಬ್ಲಾಕ್ ಬ್ಲೂಸ್' ಅಭಿಮಾನಿ ಬಳಗವೂ ಬೆಳೆಯಿತು.

ಲೀಗ್ ನಿಂತದ್ದು ಹೇಗೆ?

ಇಷ್ಟೆಲ್ಲ ಇದ್ದೂ ಸಂಬಳ ನಿಂತದ್ದೇಕೆ? ಉತ್ತರ ಮೈದಾನದಲ್ಲಿಲ್ಲ, ಒಂದು ಕಾಗದದಲ್ಲಿದೆ. ಅಖಿಲ ಭಾರತ ಫುಟ್‌ಬಾಲ್ ಒಕ್ಕೂಟ 2010ರ ಡಿಸೆಂಬರ್‌ನಲ್ಲಿ ತನ್ನ ವಾಣಿಜ್ಯ ಹಕ್ಕುಗಳನ್ನು 15 ವರ್ಷಗಳ ಅವಧಿಗೆ ಖಾಸಗಿಯವರಿಗೆ ಬಿಟ್ಟುಕೊಟ್ಟಿತ್ತು. ಆ ಒಪ್ಪಂದದಡಿಯಲ್ಲೇ 2014ರಲ್ಲಿ ಸೂಪರ್ ಲೀಗ್ ಆರಂಭವಾಯಿತು. ಒಪ್ಪಂದದ ಗಡುವು 2025ರ ಡಿಸೆಂಬರ್ 8. ಸೆಪ್ಟೆಂಬರ್‌ನಲ್ಲಿ ಶುರುವಾಗಬೇಕಿದ್ದ ಋತು ಮೂರನೇ ಒಂದು ಭಾಗ ಮುಗಿಯುವಷ್ಟರಲ್ಲಿ ಹಕ್ಕೇ ಮುಗಿಯಲಿತ್ತು. ಒಕ್ಕೂಟದ ಸಂವಿಧಾನದ ಪ್ರಕರಣ ಸುಪ್ರೀಂ ಕೋರ್ಟ್‌ನಲ್ಲಿದ್ದುದರಿಂದ ನವೀಕರಣದ ಮಾತುಕತೆಯೂ ಕುಂಟಿತು. ಜುಲೈನಲ್ಲಿ ಸಂಘಟಕ ಸಂಸ್ಥೆ ಋತುವನ್ನು ತಡೆಹಿಡಿಯಿತು. ಪಂದ್ಯವಿಲ್ಲದಿದ್ದರೆ ಟಿಕೆಟ್ ಇಲ್ಲ, ಪ್ರಾಯೋಜಕರಿಲ್ಲ, ಆದಾಯವಿಲ್ಲ. ಹೊಸ ಹಕ್ಕುದಾರರಿಗಾಗಿ ಒಕ್ಕೂಟ ಕರೆದ ಟೆಂಡರ್‌ಗೆ ಒಬ್ಬರೂ ಬಿಡ್ ಸಲ್ಲಿಸಲಿಲ್ಲ. ಕೊನೆಗೆ ಕೇಂದ್ರ ಕ್ರೀಡಾ ಸಚಿವಾಲಯ ಮಧ್ಯೆ ಪ್ರವೇಶಿಸಿದ ಮೇಲೆ, 2026ರ ಫೆಬ್ರುವರಿ 14ರಂದು 14 ತಂಡಗಳ ಮೊಟಕುಗೊಂಡ ಲೀಗ್ ಆರಂಭವಾಯಿತು.

ಗಮನಿಸಬೇಕಾದ ಅಂಶವೊಂದಿದೆ. ಕಾರ್ಖಾನೆಯ ತಂಡದಲ್ಲಿದ್ದ ಆಟಗಾರನಿಗೆ ಲೀಗ್ ನಿಂತರೂ ನೌಕರಿ ಉಳಿಯುತ್ತಿತ್ತು. ಇಂದಿನ ವೃತ್ತಿಪರ ಆಟಗಾರ ಹೆಚ್ಚು ಗಳಿಸುತ್ತಾನೆ, ನಿಜ. ಆದರೆ ಅವನ ಕಾಲ ಕೆಳಗಿನ ನೆಲ ಒಂದೇ ಒಪ್ಪಂದದ ಮೇಲೆ ನಿಂತಿದೆ.

ಜಾಣ್ಮೆಯೋ, ಜೂಜೋ?

ಎರಡನೆಯ ಮಾತಿಗೆ ಬರೋಣ. ಫ್ಯಾಂಟಸಿ ಫುಟ್‌ಬಾಲ್ ಎಂದರೆ ನಿಜವಾದ ಆಟಗಾರರನ್ನು ಆಯ್ದು ಕಲ್ಪನೆಯ ತಂಡ ಕಟ್ಟುವುದು. 2002ರಲ್ಲಿ ಆರಂಭವಾದ, ಇಂದು ಒಂದು ಕೋಟಿಗೂ ಹೆಚ್ಚು ಮಂದಿ ಆಡುವ ಇಂಗ್ಲೆಂಡಿನ ಅಧಿಕೃತ ಫ್ಯಾಂಟಸಿ ಪ್ರೀಮಿಯರ್ ಲೀಗನ್ನೇ ನೋಡಿ. ಕೈಗೆ 10 ಕೋಟಿ ಪೌಂಡ್‌ಗಳ ಕಾಲ್ಪನಿಕ ಹಣ ಸಿಗುತ್ತದೆ. ಅದರಲ್ಲಿ 15 ಮಂದಿಯನ್ನು ಕೊಳ್ಳಬೇಕು. ಒಂದೇ ಕ್ಲಬ್ಬಿನಿಂದ ಮೂವರಿಗಿಂತ ಹೆಚ್ಚು ಸಲ್ಲದು. ಮುಂಪಡೆಯ ಆಟಗಾರನ ಗೋಲಿಗೆ 4 ಅಂಕ, ಮಧ್ಯರಂಗದವನಿಗೆ 5, ರಕ್ಷಣಾ ಆಟಗಾರನಿಗೆ 6. ಗೋಲು ಹೊಡೆಯಲು ನೆರವಾದರೆ 3. ಹಳದಿ ಕಾರ್ಡ್ ಕಂಡರೆ ಒಂದು ಅಂಕ ಖೋತಾ. ನಾಯಕನೆಂದು ಗುರುತಿಸಿದವನ ಅಂಕ ಇಮ್ಮಡಿ.

ಇದರಲ್ಲಿ ಜಾಣ್ಮೆ ಇಲ್ಲವೆಂದು ಯಾರೂ ಹೇಳರು. ಯಾರಿಗೆ ಗಾಯವಾಗಿದೆ, ಯಾರ ಎದುರಾಳಿ ದುರ್ಬಲ, ಯಾರ ಬೆಲೆ ಕಡಿಮೆ ಎಂಬುದನ್ನೆಲ್ಲ ಅಭ್ಯಾಸ ಮಾಡಬೇಕು. ಆದರೆ ಇಲ್ಲಿ ಅಭಿಮಾನಕ್ಕೆ ಒಂದು ಸಣ್ಣ ಪೆಟ್ಟು ಬೀಳುತ್ತದೆ. ನೀವು ಮೆಚ್ಚುವ ಕ್ಲಬ್ಬಿನ ವಿರುದ್ಧ ನಿಮ್ಮದೇ ಫ್ಯಾಂಟಸಿ ನಾಯಕ ಆಡಲಿಳಿದರೆ ಯಾರ ಗೋಲಿಗೆ ಚಪ್ಪಾಳೆ ತಟ್ಟುವಿರಿ? ತಂಡವನ್ನು ಪ್ರೀತಿಸುತ್ತಿದ್ದವನು ಮೆಲ್ಲಗೆ ಅಂಕಗಳನ್ನು ಪ್ರೀತಿಸತೊಡಗುತ್ತಾನೆ.

ಅಷ್ಟಕ್ಕೂ ಅಧಿಕೃತ ಲೀಗ್‌ನಲ್ಲಿ ಪ್ರವೇಶ ಶುಲ್ಕವಿಲ್ಲ. ಹಣ ಕಟ್ಟಿಸಿಕೊಂಡು ಆಡಿಸುವ ಆ್ಯಪ್‌ಗಳು ಬಂದ ಮೇಲೆ ವಿಷಯ ಬೇರೆಯಾಯಿತು. ಕರ್ನಾಟಕ ಸರ್ಕಾರ ಪೊಲೀಸ್ ಕಾಯಿದೆಗೆ ತಿದ್ದುಪಡಿ ತಂದು 2021ರ ಅಕ್ಟೋಬರ್ 5ರಿಂದ ಇಂಥ ಆಟಗಳನ್ನು ನಿಷೇಧಿಸಿತು. ಡ್ರೀಮ್11 ರಾಜ್ಯದಲ್ಲಿ ಕಾರ್ಯಾಚರಣೆ ನಿಲ್ಲಿಸಿತು. ಆದರೆ 2022ರ ಫೆಬ್ರುವರಿ 14ರಂದು ಹೈಕೋರ್ಟ್‌ನ ವಿಭಾಗೀಯ ಪೀಠ ತಿದ್ದುಪಡಿಯ ವಿವಾದಿತ ಅಂಶಗಳನ್ನು ರದ್ದುಪಡಿಸಿತು. ಜಾಣ್ಮೆಯ ಆಟ ಹಾಗೂ ಅದೃಷ್ಟದ ಆಟಗಳ ನಡುವೆ ನ್ಯಾಯಾಲಯಗಳು ಬಹುಕಾಲದಿಂದ ಎಳೆದ ಗೆರೆಯೇ ಆಗ ಕಂಪನಿಗಳಿಗೆ ಆಸರೆಯಾಗಿತ್ತು.

2025ರ ಕೇಂದ್ರ ಕಾಯಿದೆ ಆ ಗೆರೆಯನ್ನೇ ಅಳಿಸಿತು. ಜಾಣ್ಮೆಯೋ ಅದೃಷ್ಟವೋ ಎಂಬುದನ್ನು ಅದು ಕೇಳುವುದಿಲ್ಲ. ಹಣ ಕಟ್ಟಿ ಹಣ ಗೆಲ್ಲುವ ಆಸೆಯಿದೆಯೇ ಎಂಬುದಷ್ಟೇ ಅದರ ಪ್ರಶ್ನೆ. ಇಂಥ ಆಟ ಒದಗಿಸುವವರಿಗೆ 3 ವರ್ಷಗಳವರೆಗೆ ಸೆರೆವಾಸ, ಒಂದು ಕೋಟಿ ರೂಪಾಯಿವರೆಗೆ ದಂಡ. ಜಾಹೀರಾತು ನೀಡುವವರಿಗೆ 2 ವರ್ಷ, 50 ಲಕ್ಷ ರೂಪಾಯಿ. ಆಡುವವರಿಗೆ ಶಿಕ್ಷೆಯಿಲ್ಲ. ದೇಶದ 45 ಕೋಟಿ ಜನ ಈ ಆಟಗಳಿಂದ ಬಾಧಿತರಾಗಿ 20,000 ಕೋಟಿ ರೂಪಾಯಿಗೂ ಹೆಚ್ಚು ಕಳೆದುಕೊಂಡಿದ್ದಾರೆಂದು ಸರ್ಕಾರ ಆಗ ಹೇಳಿತ್ತು. ಕಾಯಿದೆಯನ್ನು ಪ್ರಶ್ನಿಸಿದ ಮೊದಲ ಅರ್ಜಿಗಳಲ್ಲೊಂದು ಬಂದದ್ದು ಕರ್ನಾಟಕ ಹೈಕೋರ್ಟ್ ಮುಂದೆಯೇ. ಬಳಿಕ ಅಂಥ ಅರ್ಜಿಗಳನ್ನು ಸುಪ್ರೀಂ ಕೋರ್ಟ್ ತನ್ನ ಬಳಿಗೆ ವರ್ಗಾಯಿಸಿಕೊಂಡಿತು.

ಕಾನೂನಿನ ಚರ್ಚೆ ಒತ್ತಟ್ಟಿಗಿರಲಿ, ಲೆಕ್ಕ ಸರಳ. ಉದಾಹರಣೆಗೆ, ಹತ್ತು ಗೆಳೆಯರು ತಲಾ 50 ರೂಪಾಯಿ ಕಟ್ಟಿದರೆಂದುಕೊಳ್ಳಿ. ಒಟ್ಟು 500. ಕಂಪನಿ ತನ್ನ ಪಾಲು 80 ರೂಪಾಯಿ ತೆಗೆದುಕೊಂಡು 420 ರೂಪಾಯಿಗಳನ್ನು ಬಹುಮಾನವಾಗಿ ಹಂಚುತ್ತದೆ. ಹತ್ತೂ ಮಂದಿ ಮಹಾ ಪಂಡಿತರೇ ಆಗಿದ್ದರೂ ಆ ಗುಂಪು 80 ರೂಪಾಯಿ ಕಳೆದುಕೊಳ್ಳುವುದು ತಪ್ಪದು. ಜಾಣ್ಮೆ ನಿರ್ಧರಿಸುವುದು ಹತ್ತರಲ್ಲಿ ಯಾರು ಸೋಲಬೇಕೆಂಬುದನ್ನು ಮಾತ್ರ, ಗುಂಪು ಸೋಲುವುದನ್ನಲ್ಲ. ವಾರಕ್ಕೊಮ್ಮೆ ಆಡುವವನಿಗೆ ಇದು ಚಹಾದ ಖರ್ಚು. ದಿನಕ್ಕೆ ಹತ್ತು ಬಾರಿ ಆಡುವವನಿಗೆ ಮನೆ ಬಾಡಿಗೆ. ಹೀಗಾಗಿ 'ಜಾಣ್ಮೆಯ ಆಟ' ಎಂಬ ಮಾತು ನಿಜವಾಗಿದ್ದೂ ಅರ್ಧ ಸತ್ಯವೇ.

ಕುಸ್ತಿ ಸುಳ್ಳೇ?

ಇನ್ನು ಮೂರನೆಯದು. ವೃತ್ತಿಪರ ಕುಸ್ತಿಯ ಫಲಿತಾಂಶ ಮೊದಲೇ ನಿಗದಿಯಾಗಿರುತ್ತದೆ ಎಂಬುದು ಇಂದು ಗುಟ್ಟಲ್ಲ. ಈ ಗುಟ್ಟನ್ನು ರಟ್ಟು ಮಾಡಿದ್ದೂ ಕಂಪನಿಯೇ. ಆಗ ಡಬ್ಲ್ಯುಡಬ್ಲ್ಯುಎಫ್ ಎಂದು ಹೆಸರಾಗಿದ್ದ ಸಂಸ್ಥೆ 1989ರಲ್ಲಿ ಅಮೆರಿಕದ ನ್ಯೂಜೆರ್ಸಿ ರಾಜ್ಯದ ಶಾಸನಸಭೆಗೆ, ತನ್ನದು ಸ್ಪರ್ಧೆಯಲ್ಲ, ಮನರಂಜನೆ ಎಂದು ತಿಳಿಸಿತು. ಕ್ರೀಡೆಯಾದರೆ ತೆರಿಗೆ, ಪರವಾನಗಿ, ಸರ್ಕಾರಿ ಮೇಲ್ವಿಚಾರಣೆ ಎಲ್ಲಕ್ಕೂ ತಲೆಬಾಗಬೇಕಿತ್ತು. ಸತ್ಯ ಹೇಳಿದ್ದರಿಂದ ಪ್ರೇಕ್ಷಕರು ಓಡಿಹೋಗಲಿಲ್ಲ; ವ್ಯಾಪಾರ ಬೆಳೆಯಿತು. 2002ರಲ್ಲಿ ಸಂಸ್ಥೆ ಡಬ್ಲ್ಯುಡಬ್ಲ್ಯುಇ ಆಯಿತು. 2007ರಲ್ಲಿ ನಮ್ಮ ದೇಶದ 'ದಿ ಗ್ರೇಟ್ ಖಲಿ' ಅಲ್ಲಿ ವಿಶ್ವ ಹೆವಿವೇಟ್ ಪಟ್ಟವೇರಿದಾಗ ಬರೆದ ಕಥೆಯೆಂದು ತಿಳಿದೂ ಜನ ಸಂಭ್ರಮಿಸಿದರು.

ಕನ್ನಡಿಗರಿಗೆ ಇದು ವಿಚಿತ್ರವಾಗಿ ಕಾಣಬೇಕಿಲ್ಲ. ಕೀಚಕ ವಧೆಯ ಪ್ರಸಂಗಕ್ಕೆ ಹೋಗುವವರಿಗೆ ಕೀಚಕ ಸಾಯುತ್ತಾನೆಂಬುದು ತಿಳಿದೇ ಇರುತ್ತದೆ. ಆದರೂ ಬೆಳಗಿನವರೆಗೆ ಕುಳಿತು ನೋಡುವುದು ಯಾರು ಗೆದ್ದರೆಂಬುದಕ್ಕಲ್ಲ, ಹೇಗೆ ಗೆದ್ದರೆಂಬುದಕ್ಕೆ. ವೇಷಕ್ಕೆ, ಮಾತಿಗೆ, ಆರ್ಭಟಕ್ಕೆ. ಖಳನನ್ನು ಮೂದಲಿಸಿ ನಾಯಕನನ್ನು ಹುರಿದುಂಬಿಸುವ ಸಭಿಕರೂ ಆಟದ ಭಾಗವೇ. ಕುಸ್ತಿಯ ಅಖಾಡದಲ್ಲಿಯೂ ನಡೆಯುವುದು ಇದೇ.

ಹಾಗೆಂದು ಎಲ್ಲವೂ ಸುಳ್ಳೆನ್ನುವುದು ಸರಿಯಲ್ಲ. ಬರೆದಿಟ್ಟದ್ದು ಫಲಿತಾಂಶವನ್ನು, ಬೀಳುವ ಮೈ ನಿಜವಾದದ್ದು. 1999ರ ಮೇ 23ರಂದು ಕೆನ್ಸಾಸ್ ಸಿಟಿಯಲ್ಲಿ ಓವೆನ್ ಹಾರ್ಟ್ ಎಂಬ ಕುಸ್ತಿಪಟು ಮೇಲ್ಛಾವಣಿಯಿಂದ ಅಖಾಡಕ್ಕೆ ಇಳಿಯುವ ಪ್ರದರ್ಶನದಲ್ಲಿ ಬಿದ್ದು ಸತ್ತರು. ನಮ್ಮ ಮೈಸೂರು ಅರಮನೆಯ ಅಂಗಳದಲ್ಲಿ ವಿಜಯದಶಮಿಯಂದು ನಡೆಯುವ ಜಟ್ಟಿಗಳ ವಜ್ರಮುಷ್ಟಿ ಕಾಳಗವನ್ನೇ ನೆನೆಯಿರಿ. ಅದು ವಿಧಿಯಂತೆ ನಡೆಯುವ ಸಾಂಪ್ರದಾಯಿಕ ಕಾಳಗ. ತಲೆಯಿಂದ ರಕ್ತ ಚಿಮ್ಮಿದೊಡನೆ ಮುಗಿಯುತ್ತದೆ. ವಿಧಿ ಪೂರ್ವನಿಶ್ಚಿತ, ರಕ್ತ ನಿಜ.

ಅಭಿಮಾನಿ ಪಣಕ್ಕಿಡುವುದೇನು?

ಆ ಆಗಸ್ಟ್‌ನ ಒಗಟು ಈಗ ಬಿಡಿಸಿಕೊಳ್ಳುತ್ತದೆ. ಕುಸ್ತಿ ತಾನೇನೆಂಬುದನ್ನು ಮೊದಲೇ ಹೇಳಿಕೊಂಡಿದೆ. ಅದು ಕೇಳುವುದು ನೋಡುಗನ ಸಮಯವನ್ನು. ಹಣದ ಫ್ಯಾಂಟಸಿ ಆಟ ತಾನು ಜಾಣರ ಕಣವೆಂದು ಹೇಳಿಕೊಂಡು ಕೇಳಿದ್ದು ಜೇಬನ್ನು. ಆ ಮಾತಿಗೂ ಲೆಕ್ಕಕ್ಕೂ ತಾಳೆಯಾಗದ ಕಾರಣವೇ ಕಾನೂನು ಎದುರಾಯಿತು. ನಮ್ಮ ಫುಟ್‌ಬಾಲ್ ಕೇಳುವುದು ನಂಬಿಕೆಯನ್ನು. ಅದು ಸಿಗದಿದ್ದರೆ ಗ್ಯಾಲರಿ ಖಾಲಿ, ಗ್ಯಾಲರಿ ಖಾಲಿಯಾದರೆ ಟೆಂಡರ್‌ಗೆ ಬಿಡ್ ಇಲ್ಲ, ಬಿಡ್ ಇಲ್ಲದಿದ್ದರೆ ಆಟಗಾರನಿಗೆ ಸಂಬಳವಿಲ್ಲ. ನಮ್ಮ ಫುಟ್‌ಬಾಲ್ ನೋಡುವಂಥದ್ದಲ್ಲ ಎಂಬ ಮಾತು ಬರೀ ಅಭಿಪ್ರಾಯವಾಗಿ ಉಳಿಯುವುದಿಲ್ಲ, ಅದನ್ನು ಹೇಳಿದಷ್ಟೂ ನಿಜವಾಗುತ್ತ ಹೋಗುತ್ತದೆ.

ಮ್ಯಾಂಚೆಸ್ಟರ್ ಅಥವಾ ಲಿವರ್‌ಪೂಲ್ ತಂಡಕ್ಕೆ ಬೆಂಗಳೂರಿನ ಒಬ್ಬ ಅಭಿಮಾನಿ ಕಡಿಮೆಯಾದರೆ ಏನೂ ಆಗದು. ಮ್ಯಾಗ್ರತ್ ರಸ್ತೆಯ ಬೆಂಗಳೂರು ಫುಟ್‌ಬಾಲ್ ಕ್ರೀಡಾಂಗಣದಲ್ಲಿ ಸ್ಥಳೀಯ ಲೀಗ್ ಪಂದ್ಯಕ್ಕೆ ಒಬ್ಬ ಪ್ರೇಕ್ಷಕ ಹೆಚ್ಚಾದರೆ ಅಲ್ಲಿ ಆಡುವ ಹನ್ನೊಂದು ಹುಡುಗರಿಗೂ ಅದು ಗೊತ್ತಾಗುತ್ತದೆ. ಶನಿವಾರ ರಾತ್ರಿ ಇಂಗ್ಲೆಂಡಿಗೇ ಇರಲಿ. ತಿಂಗಳಿಗೊಂದು ಸಂಜೆಯನ್ನಾದರೂ ನಮ್ಮ ಊರಿನ ಆಟಕ್ಕೆ ಮೀಸಲಿಡಬಾರದೇಕೆ?