ಐನೂರು ತಟ್ಟೆಗಳ ಸಾಹಸ

ಸಂಗೀತವೆಂದರೆ ವರ್ಷಗಟ್ಟಲೆಯ ಸಾಧನೆ. ಸರಳೆ, ಜಂಟಿವರಸೆಗಳ ಮೆಟ್ಟಿಲು ಹತ್ತದವನಿಗೆ ಅದರ ಗರ್ಭಗುಡಿಯಲ್ಲಿ ಪ್ರವೇಶವಿಲ್ಲ ಎಂಬುದು ನಮ್ಮಲ್ಲಿ ಅನೇಕರ ನಂಬಿಕೆ. ಈ ನಂಬಿಕೆಯನ್ನು ಒಂದಿಷ್ಟು ಅಲುಗಿಸುವಂತಹ ಪುಟ್ಟ ಧ್ವನಿಮುದ್ರಿಕೆಯೊಂದು 1978ರಲ್ಲಿ ಲಂಡನ್ನಿನಲ್ಲಿ ಹೊರಬಂದಿತು.

ಅದನ್ನು ಹೊರತಂದವನು ಡೇನಿಯಲ್ ಮಿಲ್ಲರ್ ಎಂಬ ತರುಣ. ಚಲನಚಿತ್ರ ಸಂಕಲನ ಅವನ ವೃತ್ತಿ, ವಾದ್ಯದಲ್ಲಿ ನುರಿತವನಲ್ಲ. ಬೇರೊಬ್ಬರು ಬಳಸಿದ್ದ ‘ಕಾರ್ಗ್ 700ಎಸ್’ ಎಂಬ ಜಪಾನಿನ ಸಿಂಥಸೈಜರನ್ನು ಅವನು ಕೊಂಡುಕೊಂಡನು. ವಿದ್ಯುತ್ಕಂಪನದಿಂದ ನಾದವನ್ನು ಹುಟ್ಟಿಸುವ ಈ ವಾದ್ಯಕ್ಕೆ ಹಾರ್ಮೋನಿಯಮ್ಮಿನಂತೆಯೇ ಕಪ್ಪು ಬಿಳಿ ಮನೆಗಳುಂಟು. ಆದರೆ ಒಂದು ಸಲಕ್ಕೆ ಒಂದೇ ಸ್ವರ ಹೊರಡುತ್ತದೆ. ಈ ಕೊರತೆಯನ್ನು ತುಂಬಿಕೊಟ್ಟದ್ದು ನಾಲ್ಕು ಪಥಗಳ ಟೇಪ್ ರೆಕಾರ್ಡರು. ತಾಳದ ಬಡಿತ, ಮಂದ್ರದ ಸ್ವರ, ಕಂಠ ಎಲ್ಲವನ್ನೂ ಬೇರೆ ಬೇರೆಯಾಗಿ ಹಿಡಿದು, ಪದರದ ಮೇಲೆ ಪದರ ಹಾಸಿ, ಮನೆಯಲ್ಲಿ ಕುಳಿತ ಒಬ್ಬನೇ ಮನುಷ್ಯ ವಾದ್ಯವೃಂದವಾದನು. ತನಗಿಟ್ಟುಕೊಂಡ ಹೆಸರು ‘ದಿ ನಾರ್ಮಲ್’.

ತಟ್ಟೆಯ ಒಂದು ಮುಖದಲ್ಲಿ ದೂರದರ್ಶನದ ವ್ಯಸನವನ್ನು ಕುರಿತ ‘ಟಿ.ವಿ.ಓ.ಡಿ.’ ಇನ್ನೊಂದರಲ್ಲಿ ‘ವಾರ್ಮ್ ಲೆದರೆಟ್’. ಜೆ. ಜಿ. ಬಲ್ಲಾರ್ಡರ 1973ರ ಕಾದಂಬರಿ ‘ಕ್ರ್ಯಾಶ್’ ಇದಕ್ಕೆ ಪ್ರೇರಣೆ. ಆ ಕಾದಂಬರಿಯನ್ನು ಚಿತ್ರಕಥೆಯಾಗಿಸಲು ಮಿಲ್ಲರ್ ಮಿತ್ರನೊಡನೆ ನಡೆಸಿದ್ದ ಪ್ರಯತ್ನ ಫಲಿಸಿರಲಿಲ್ಲ. ಅದರ ಸಾರವೇ ಕೆಲವು ನಿಮಿಷಗಳ ಹಾಡಾಯಿತು. ಅಲ್ಲಿ ಭಾವೋದ್ರೇಕವಿಲ್ಲ, ಅಲಂಕಾರವಿಲ್ಲ. ಮೋಟಾರು ಅಪಘಾತದ ಭೀಕರತೆಯನ್ನು ವರದಿ ಓದುವವನ ನಿರ್ವಿಕಾರ ಧ್ವನಿಯಲ್ಲಿ ಹೇಳಲಾಗಿದೆ. ಕಿವಿಗೆ ಹಿತವೆನಿಸದು; ಆದರೆ ಯಂತ್ರಯುಗದ ಮನಸ್ಸಿನ ಶೈತ್ಯ ಕೇಳುವವನ ಬೆನ್ನುಹುರಿಯಲ್ಲಿ ಹರಿಯುತ್ತದೆ.

ಮಿಲ್ಲರನು ಅಚ್ಚುಹಾಕಿಸಬೇಕೆಂದಿದ್ದುದು ಐನೂರು ಪ್ರತಿ. ‘ರಫ್ ಟ್ರೇಡ್’ ಅಂಗಡಿಯವರು ಕೇಳಿ ಮೆಚ್ಚಿ, ಎರಡು ಸಾವಿರಕ್ಕೆ ಒತ್ತಾಯಿಸಿದರು. ಪ್ರಕಾಶನಕ್ಕೆ ಅವನು ಕೊಟ್ಟ ಹೆಸರು ‘ಮ್ಯೂಟ್’, ಎಂದರೆ ಮೂಕ! ಹಾಡಿನ ತಟ್ಟೆಗೆ ಇದಕ್ಕಿಂತ ವಿನೋದದ ಮುದ್ರೆ ಇನ್ನಾವುದು? ಹೊದಿಕೆಯ ಮೇಲೆ ಮನೆಯ ವಿಳಾಸವಿದ್ದಿತು. ಅದನ್ನು ದೊಡ್ಡ ಸಂಸ್ಥೆಯೆಂದೇ ಬಗೆದ ಅಪರಿಚಿತರು ತಮ್ಮ ಟೇಪುಗಳನ್ನು ಕಳುಹಿಸತೊಡಗಿದರು.

ಜನರ ತಪ್ಪು ತಿಳಿವಳಿಕೆ ಕ್ರಮೇಣ ನಿಜವಾಯಿತು. ‘ಮ್ಯೂಟ್’ ಇತರರ ಹಾಡುಗಳನ್ನೂ ಹೊರತಂದಿತು. 1981ರಲ್ಲಿ ಅಲ್ಲಿಂದ ಮೊದಲ ತಟ್ಟೆ ಪಡೆದ ‘ಡೆಪೆಷ್ ಮೋಡ್’ ತಂಡ ಜಗದ್ವಿಖ್ಯಾತವಾಯಿತು. 1980ರಲ್ಲಿ ಗ್ರೇಸ್ ಜೋನ್ಸ್ ‘ವಾರ್ಮ್ ಲೆದರೆಟ್’ ಹಾಡಿದಳು. ‘ದಿ ನಾರ್ಮಲ್’ ಹೆಸರಿನಲ್ಲಿ ಮಾತ್ರ ಎರಡನೆಯ ಸಿಂಗಲ್ ಬರಲಿಲ್ಲ.

ಇದರಿಂದ ಸಾಧನೆಯ ಹಿರಿಮೆ ಕುಂದುವುದಿಲ್ಲ. ಆದರೆ ಹೇಳಲೇಬೇಕಾದ ಮಾತೊಂದಿದ್ದಾಗ, ವಿದ್ವತ್ತು ಕೈಗೂಡುವವರೆಗೆ ಬಾಯಿ ಕಟ್ಟಿಕೊಂಡೇ ಇರಬೇಕೆ? ಮನೆಯಲ್ಲಿ ಬೆರಳಾಡಿಸುತ್ತ ಏನನ್ನೋ ಗುನುಗುವ ಮಗುವನ್ನು ಗದರಿಸುವ ಮುನ್ನ ಹಿರಿಯರು ಇದನ್ನೊಮ್ಮೆ ಯೋಚಿಸಬಹುದು.