ಕೆಮ್ಮಿಗೆ ಬಂದೀವ್ರಿ, ಹಾರ್ಟಿನ ಪರೀಕ್ಷಾ ಯಾಕ್ರೀ?

ಇಳಕಲ್ಲಿನ ನಮ್ಮ ಮನೆಯಲ್ಲಿ ಮಗ್ಗದ ಸದ್ದು ನಿಂತರೆ ಓಣಿಯವರು ಬಂದು ವಿಚಾರಿಸುತ್ತಾರೆ. ಕಳೆದ ಚಳಿಗಾಲ ಅಪ್ಪ ನಾಲ್ಕು ದಿನ ಮಗ್ಗದ ಕುಣಿಗೆ ಇಳಿಯಲಿಲ್ಲ. ಮೈ ಸುಡುವ ಜ್ವರ, ತುಕ್ಕಿನ ಬಣ್ಣದ ಕಫ. ಐದನೆಯ ದಿನ ಅವ್ವನನ್ನೇ ‘ಯಾರವಾ ನೀ?’ ಅಂದಾಗ ಬಾಗಲಕೋಟೆಗೆ ಓಡಿದೆವು. ಅಪ್ಪನ ವಯಸ್ಸು 68. ನರ್ಸ್ ಎಣಿಸಿದಾಗ ನಿಮಿಷಕ್ಕೆ 32 ಉಸಿರು. ಎಕ್ಸ್‌ರೇಯಲ್ಲಿ ಬಲ ಫುಪ್ಪುಸದ ಕೆಳಭಾಗ ಬೆಳ್ಳಗೆ. ನ್ಯುಮೋನಿಯಾ.

ಪರೀಕ್ಷೆಯ ಚೀಟಿ ನೋಡಿ ನನಗೆ ಸಿಟ್ಟು ಬಂತು. ಇಸಿಜಿ, ಟ್ರೋಪೋನಿನ್, ಎನ್‌ಟಿ-ಪ್ರೊಬಿಎನ್‌ಪಿ. ಬಿಲ್ ಬೆಳೆಸುವ ಹುನ್ನಾರ ಅಂದುಕೊಂಡು ‘ಕೆಮ್ಮಿಗೆ ಬಂದೀವ್ರಿ, ಹಾರ್ಟಿನ ಪರೀಕ್ಷಾ ಯಾಕ್ರೀ?’ ಎಂದು ಕೇಳಿಯೇಬಿಟ್ಟೆ.

‘ಸೀರಿ ಒಡಲಿಗೆ ಸೆರಗ ಹೆಂಗ ಕೂಡಸ್ತೀರಿ?’ ಅಂದರು ಡಾಕ್ಟರು.

‘ಕೊಂಡಿ ಹಾಕಿ.’

‘ಫುಪ್ಪುಸಕ್ಕೂ ಹೃದಯಕ್ಕೂ ಅದ ಕೊಂಡಿ. ಇತ್ತಾಗ ಜಗ್ಗಿದ್ರ ಅತ್ತಾಗ ಹರೀತೈತಿ.’

ಸೋಂಕಿನಿಂದ ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ, ಜ್ವರಕ್ಕೆ ನಾಡಿ ಓಡುತ್ತದೆ, ಉರಿಯೂತದಿಂದ ರಕ್ತ ಹೆಪ್ಪುಗಟ್ಟುವ ಸಂಭವ ಹೆಚ್ಚುತ್ತದೆ. ಈ ಹೊಡೆತಕ್ಕೆ ಹೃದಯದ ಸ್ನಾಯು ಘಾಸಿಗೊಂಡರೆ ಅದರೊಳಗಿನ ಟ್ರೋಪೋನಿನ್ ಎಂಬ ಪ್ರೋಟೀನು ರಕ್ತಕ್ಕೆ ಸೋರುತ್ತದೆ. ಬಿಎನ್‌ಪಿ ಕುಟುಂಬದ ವಸ್ತುಗಳು ಹೃದಯದ ಗೋಡೆ ಭಾರಕ್ಕೆ ಹಿಗ್ಗಿದಾಗ ಹೊರಬೀಳುವಂಥವು. 1988ರಲ್ಲಿ ಜಪಾನಿನ ವಿಜ್ಞಾನಿಗಳಿಗೆ ಬಿಎನ್‌ಪಿ ಮೊದಲು ಸಿಕ್ಕಿದ್ದು ಹಂದಿಯ ಮಿದುಳಿನಲ್ಲಿ. ಹಾಗಾಗಿ ಹೃದಯದ ಈ ವಸ್ತುವಿನ ಹೆಸರಿನ ‘ಬಿ’ಯಲ್ಲಿ ಇಂದಿಗೂ ಮಿದುಳು (ಬ್ರೇನ್) ಉಳಿದಿದೆ.

ಟ್ರೋಪೋನಿನ್ ಏರಿದ್ದೆಲ್ಲ ಹೃದಯಾಘಾತವಲ್ಲ. ಕಿಡ್ನಿ ಸೋತವರಲ್ಲೂ ಏರುತ್ತದೆ. ಅದಕ್ಕೇ ಕೆಲವು ಗಂಟೆ ಬಿಟ್ಟು ಮತ್ತೆ ರಕ್ತ ತೆಗೆಯುತ್ತಾರೆ. ಅಂಕಿ ಏರುತ್ತಿದೆಯೋ, ಇದ್ದಲ್ಲೇ ಇದೆಯೋ ಎಂಬುದು ಮುಖ್ಯ. ಅಪ್ಪನದು ತುಸು ಹೆಚ್ಚಿತ್ತು, ಎರಡನೆಯ ಸಲವೂ ಅಷ್ಟೇ ಇತ್ತು. ಆದರೆ ಎನ್‌ಟಿ-ಪ್ರೊಬಿಎನ್‌ಪಿ ಬಹಳ ಮೇಲಿತ್ತು. ಹೃದಯದ ಸ್ಕ್ಯಾನ್ (ಎಕೋ) ಮಾಡಿದರು, ಸಲೈನ್ ಕಡಿಮೆ ಮಾಡಿದರು, ಮಾನಿಟರ್ ಇದ್ದ ಹಾಸಿಗೆಗೆ ಸಾಗಿಸಿದರು. ಆ್ಯಂಟಿಬಯೋಟಿಕ್ ಅದೇ ಮುಂದುವರಿಯಿತು. ಈ ಅಂಕಿಗಳು ಬೇನೆ ವಾಸಿ ಮಾಡುವುದಿಲ್ಲ. ಯಾರ ಮೇಲೆ ಹೆಚ್ಚು ಕಣ್ಣಿಡಬೇಕು ಎಂದು ತೋರಿಸುತ್ತವೆ. ಇವು ಏರಿದವರಲ್ಲಿ ಸಾವಿನ ಅಪಾಯ ಹೆಚ್ಚು ಎಂದು ಹಲವು ದೇಶಗಳ ಅಧ್ಯಯನಗಳು ಹೇಳಿವೆ.

ಅಮೆರಿಕದಲ್ಲಿ 2007ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ನ್ಯುಮೊಕಾಕಸ್ ಎಂಬ ಬ್ಯಾಕ್ಟೀರಿಯಾದ ನ್ಯುಮೋನಿಯಾದಿಂದ ಆಸ್ಪತ್ರೆ ಸೇರಿದ 170 ಜನರಲ್ಲಿ 33 ಮಂದಿಗೆ ಹೃದಯಾಘಾತ, ಬಡಿತದ ಏರುಪೇರು ಇಲ್ಲವೇ ಹೃದಯ ವೈಫಲ್ಯ ಕಂಡಿತ್ತು. 2015ರ ಇನ್ನೊಂದು ಅಧ್ಯಯನದಲ್ಲಿ, 65 ದಾಟಿದವರಿಗೆ ನ್ಯುಮೋನಿಯಾದ ನಂತರದ ಮೊದಲ 30 ದಿನ ಹೃದಯ, ರಕ್ತನಾಳದ ತೊಂದರೆಯ ಅಪಾಯ ಸುಮಾರು 4 ಪಟ್ಟು ಇತ್ತು. ಅದು ವರ್ಷಗಟ್ಟಲೆ ಪೂರ್ತಿ ಇಳಿದಿರಲಿಲ್ಲ.

ಎಂಟನೆಯ ದಿನ ಮನೆಗೆ ಬಂದೆವು. ಜ್ವರ ಬಿಟ್ಟಿತಲ್ಲ ಎಂದು ಅಪ್ಪ ಬಿಪಿ ಗುಳಿಗೆಯನ್ನೂ ಬಿಡಲು ಹೊರಟಿದ್ದ, ಅವ್ವ ಬಿಡಲಿಲ್ಲ.

ನಿಮ್ಮ ಮನೆಯ ಹಿರಿಯರು ನ್ಯುಮೋನಿಯಾದಿಂದ ಎದ್ದು ಬಂದಿದ್ದರೆ ಒಂದು ತಿಂಗಳು ಕಣ್ಣಿಡಿ. ಮಲಗಿದಾಗ ಉಸಿರು ಕಟ್ಟಿದರೆ, ಕಾಲು ಬಾತರೆ, ಎದೆ ಬಿಗಿದರೆ ‘ಕಫ ಉಳಿದೈತಿ’ ಎಂದು ಕೂರಬೇಡಿ. ಫ್ಲೂ ಮತ್ತು ನ್ಯುಮೊಕಾಕಸ್ ಲಸಿಕೆಯ ಬಗ್ಗೆ ಡಾಕ್ಟರನ್ನು ಕೇಳಿ. ಮತ್ತೆ, ನ್ಯುಮೋನಿಯಾಕ್ಕೆ ಹೃದಯದ ಪರೀಕ್ಷೆ ಬರೆದುಕೊಟ್ಟರೆ ನನ್ನಂತೆ ಸಿಟ್ಟಾಗಬೇಡಿ.